ಸೆರಗು ಅಲ್ಲಾಡದ ವೆಂಟ್: ನಮ್ಮ ಮನೆಯ ಎಸಿ ಸರಿ ಮಾಡಿದವರ ಬಗ್ಗೆ

ಮೊದಲು ಕಂಡುಹಿಡಿದದ್ದು ಅಮ್ಮ.

2025ರ ಜುಲೈ ಎರಡನೇ ವಾರ. ಅಮ್ಮ ತಿಪಟೂರಿನಿಂದ ಬಂದು ಇನ್ನೂ ತಿಂಗಳಾಗಿರಲಿಲ್ಲ. ನಾವಿರುವುದು ಅಮೆರಿಕದ ಟೆಕ್ಸಾಸ್‌ನಲ್ಲಿ, ಡಲ್ಲಾಸ್‌ಗೆ ಉತ್ತರದಲ್ಲಿರುವ ಪ್ಲೇನೊದಲ್ಲಿ. ಜುಲೈ ಬಂತೆಂದರೆ ಇಲ್ಲಿ ಬಿಸಿಲು 100 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲೇ ಇರುತ್ತದೆ. ನಮ್ಮ ಊರಿನ ಲೆಕ್ಕದಲ್ಲಿ 38 ಡಿಗ್ರಿ. ರಾತ್ರಿ ಹತ್ತಾದರೂ ಗೋಡೆ ಮುಟ್ಟಿದರೆ ಬಿಸಿ. ಎಸಿ ಇಲ್ಲದೆ ದಿನ ಕಳೆಯುವುದು ಕಷ್ಟ, ಅದರಲ್ಲೂ ವಯಸ್ಸಾದವರಿಗೆ.

ಒಂದು ಮಧ್ಯಾಹ್ನ ಅಮ್ಮ ಮೇಲಿನ ಮಹಡಿಯಿಂದ ಕೂಗಿದರು. "ಬಾರೇ ಇಲ್ಲಿ, ಒಂದ್ ನಿಮಿಷ." ಹೋಗಿ ನೋಡಿದರೆ ನನ್ನ ಮಗನ ರೂಮಿನಲ್ಲಿ ಸ್ಟೂಲ್ ಮೇಲೆ ನಿಂತಿದ್ದಾರೆ. 71 ವರ್ಷ ಅವರಿಗೆ. ನನಗೆ ಎದೆ ಝಲ್ಲೆಂದಿತು. ಅವರು ಮಾತ್ರ ಸೆರಗಿನ ತುದಿಯನ್ನು ಸೀಲಿಂಗ್‌ನ ವೆಂಟ್ ಕೆಳಗೆ ಹಿಡಿದು ಅದನ್ನೇ ನೋಡುತ್ತಿದ್ದರು.

"ನೋಡು, ಅಲ್ಲಾಡ್ತಾನೇ ಇಲ್ಲ. ನಿನ್ನ ರೂಮಲ್ಲಿ ಹಿಡಿದ್ರೆ ಪಟಪಟ ಅನ್ನುತ್ತೆ. ಇಲ್ಲಿ ಗಾಳಿ ತಣ್ಣಗೇನೋ ಇದೆ, ಆದ್ರೆ ಯಾರೋ ಉಸಿರು ಬಿಟ್ಟ ಹಾಗೆ ಬರ್ತಿದೆ."

ಆ ಒಂದು ಮಾತಿನಲ್ಲಿ ಅರ್ಧ ತೊಂದರೆ ಬಯಲಾಗಿತ್ತು. ಗಾಳಿ ಜೋರಾಗಿ ಬಂದು ತಣ್ಣಗಿಲ್ಲದಿದ್ದರೆ ಅದು ಬೇರೆ ಕಥೆ. ಗ್ಯಾಸು, ಕಂಪ್ರೆಸರ್, ಹೊರಗಿನ ಯೂನಿಟ್ ಅಂತ ಹುಡುಕಬೇಕು. ತಣ್ಣಗಿದ್ದೂ ಕಡಿಮೆ ಬಂದರೆ, ದಾರಿಯಲ್ಲಿ ಎಲ್ಲೋ ಗಾಳಿಗೆ ತಡೆ ಇದೆ ಎಂದು ಅರ್ಥ. ಇದು ನನಗೆ ಈಗ ಗೊತ್ತು. ಆಗ ಗೊತ್ತಿರಲಿಲ್ಲ.

ಈ ತಡೆಯನ್ನು ಹುಡುಕಿ ತೆಗೆದ ಒಬ್ಬ ಎಸಿ ಮೆಕ್ಯಾನಿಕ್ ಬಗ್ಗೆ ಬರೆಯಬೇಕು ಅಂತ ಆಗಿನಿಂದಲೂ ಅಂದುಕೊಂಡಿದ್ದೆ. ಅವರ ಹೆಸರು ಇಲ್ಲಿ ಹಾಕುತ್ತಿಲ್ಲ. ನಾನು ಕೇಳಿದಾಗ ಅವರೇ ಬೇಡ ಎಂದರು. ಒಬ್ಬರೇ ವ್ಯಾನ್ ಓಡಿಸಿಕೊಂಡು ಕೆಲಸ ಮಾಡುವವರು, ಈಗಿರುವ ಗಿರಾಕಿಗಳಿಗೇ ಸಮಯ ಸಾಲುವುದಿಲ್ಲವಂತೆ. ಆದರೆ ಅವರು ಕೆಲಸ ಮಾಡಿದ ರೀತಿ ಹೇಳಲೇಬೇಕು. ನಿಮ್ಮ ಮನೆಗೆ ಯಾರೇ ಬರಲಿ, ಏನು ಮಾಡಿದರೆ ಸರಿಯಾದ ಕೆಲಸ ಎಂದು ಅದರಿಂದ ಗೊತ್ತಾಗುತ್ತದೆ.

ಇಲ್ಲಿನ ಮನೆಗಳ ಎಸಿ ನೋಡಿರದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮೂರಿನ ಹಾಗೆ ಒಂದೊಂದು ರೂಮಿಗೆ ಒಂದೊಂದು ಸ್ಪ್ಲಿಟ್ ಎಸಿ ಇರುವುದಿಲ್ಲ. ಇಡೀ ಮನೆಗೆ, ಅಥವಾ ಒಂದು ಮಹಡಿಗೆ ಒಂದು ದೊಡ್ಡ ಯೂನಿಟ್. ನಮ್ಮದು 2003ರಲ್ಲಿ ಕಟ್ಟಿದ ಮನೆ. ಮೇಲಿನ ಮಹಡಿಯ ಯೂನಿಟ್ 2012ರದ್ದು, 3 ಟನ್ ಸಾಮರ್ಥ್ಯದ್ದು. ಅದು ಅಟ್ಟದಲ್ಲಿ ಮಲಗಿಸಿದ ಪೆಟ್ಟಿಗೆಯ ಹಾಗೆ ಇದೆ. ಒಳಗೆ ಒಂದು ಬ್ಲೋವರ್ ಫ್ಯಾನ್, ಅದರ ಮುಂದೆ ತಣ್ಣಗಾಗುವ ಕಾಯಿಲ್. ಹಜಾರದ ಸೀಲಿಂಗ್‌ನಲ್ಲಿ ಒಂದು ದೊಡ್ಡ ಜಾಲರಿ ಇದೆ. ಮನೆಯ ಗಾಳಿ ಅದರ ಮೂಲಕ ಒಳಕ್ಕೆ ಹೋಗುತ್ತದೆ. ಅದಕ್ಕೆ ರಿಟರ್ನ್ ಅನ್ನುತ್ತಾರೆ. ಅಲ್ಲಿ ಫಿಲ್ಟರ್ ಇರುತ್ತದೆ. ತಣ್ಣಗಾದ ಗಾಳಿ ಸೊಂಡಿಲಿನಂಥ ಫ್ಲೆಕ್ಸ್ ಡಕ್ಟ್‌ಗಳಲ್ಲಿ ಹಾದು ಒಂದೊಂದು ರೂಮಿನ ವೆಂಟ್‌ಗೆ ಬರುತ್ತದೆ. ಬಂದ ಗಾಳಿ ಮತ್ತೆ ರಿಟರ್ನ್‌ಗೆ ಹೋಗುತ್ತದೆ. ಹೋಗುವ ದಾರಿ, ಬರುವ ದಾರಿ ಎರಡೂ ಸಲೀಸಾಗಿರಬೇಕು. ಒಂದರಲ್ಲಿ ಕಟ್ಟಿಕೊಂಡರೂ ಇನ್ನೊಂದರಲ್ಲಿ ಗಾಳಿ ಬರುವುದಿಲ್ಲ.

ಅಮ್ಮನಿಗೆ ಇದನ್ನು ಹೇಳಿದಾಗ ಅವರು ತಕ್ಷಣ ಹಿಡಿದುಕೊಂಡರು. "ಊದುಗೊಳವೆಗೆ ಬೂದಿ ಕಟ್ಟಿದ್ರೆ ಕೆನ್ನೆ ನೋಯೋ ತನಕ ಊದಿದ್ರೂ ಒಲೆ ಹತ್ತಲ್ಲ. ಅದೇ ತಾನೇ?" ಅದೇ.

ನಾವೇ ಮೊದಲು ಒಂದೆರಡು ಪ್ರಯತ್ನ ಮಾಡಿದೆವು. ಫಿಲ್ಟರ್ ಬದಲಾಯಿಸಿದೆವು. ಮನೆ ಎಷ್ಟು ತಣ್ಣಗಿರಬೇಕು ಎಂದು ಹೊಂದಿಸುವ ಥರ್ಮೋಸ್ಟಾಟ್ ಅನ್ನು ನಮ್ಮನೆಯವರು ಇನ್ನೂ ನಾಲ್ಕು ಡಿಗ್ರಿ ಇಳಿಸಿದರು. ಖಾಲಿ ಇದ್ದ ಗೆಸ್ಟ್ ರೂಮಿನ ವೆಂಟ್‌ಗಳನ್ನು ಮುಚ್ಚಿದರು, ಅಲ್ಲಿಯ ಗಾಳಿ ಮಗನ ರೂಮಿಗೆ ತಿರುಗುತ್ತದೆ ಎಂದು. ಎಲ್ಲರಿಗೂ ಹೊಳೆಯುವ ಉಪಾಯ ಇದು, ಅಲ್ವಾ? ಆದರೆ ಹಾಗಾಗುವುದಿಲ್ಲ. ವೆಂಟ್ ಮುಚ್ಚಿದರೆ ಬ್ಲೋವರ್ ಮೇಲೆ ಒತ್ತಡ ಜಾಸ್ತಿಯಾಗುತ್ತದೆ. ನಮ್ಮದರಂಥ ಹಳೇ ಮೋಟಾರ್ ಆದರೆ ಒಟ್ಟು ಗಾಳಿಯೇ ಇಳಿದುಹೋಗುತ್ತದೆ. ಥರ್ಮೋಸ್ಟಾಟ್ ಇಳಿಸಿದರೂ ಗಾಳಿ ಹೆಚ್ಚುವುದಿಲ್ಲ. ಯೂನಿಟ್ ಇನ್ನಷ್ಟು ಹೊತ್ತು ಓಡುತ್ತದೆ, ಅಷ್ಟೇ.

ಎರಡನೇ ದಿನ ಬೆಳಗ್ಗೆ ಗಾಳಿ ಪೂರ್ತಿ ನಿಂತಿತು. ಅಟ್ಟದ ಏಣಿ ಎಳೆದು ಹತ್ತಿ ಟಾರ್ಚ್ ಬಿಟ್ಟು ನೋಡಿದೆ. ಯೂನಿಟ್‌ನಿಂದ ಹೊರಬರುವ ದಪ್ಪ ತಾಮ್ರದ ಪೈಪಿನ ಮೇಲೆ ಬೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಅಟ್ಟದಲ್ಲಿ ಮುಖ ಸುಡುವ ಬಿಸಿ, ಪೈಪಿನ ಮೇಲೆ ಬೆರಳು ದಪ್ಪದ ಮಂಜು. ಆ ದೃಶ್ಯ ನಾನು ಮರೆಯುವುದಿಲ್ಲ.

ನಿಮ್ಮ ಮನೆಯಲ್ಲೂ ಹೀಗೆ ಕಂಡರೆ ಮೊದಲು ಕೂಲಿಂಗ್ ನಿಲ್ಲಿಸಿ. ಫ್ಯಾನ್ ಮಾತ್ರ ಓಡಲು ಬಿಡಿ. ಮಂಜು ಕರಗಲು ಕೆಲವು ಗಂಟೆ ಬೇಕು. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ, ಕಾಯಿಲ್ ತೂತಾದರೆ ದೊಡ್ಡ ಖರ್ಚು. ಕರಗಿದ ನೀರು ಸೀಲಿಂಗ್‌ಗೆ ಇಳಿಯದ ಹಾಗೆ ಕೆಳಗಿನ ತಟ್ಟೆಯ ಮೇಲೂ ಒಂದು ಕಣ್ಣಿರಲಿ. ಮಂಜು ಕಟ್ಟಲು ಕಾರಣ ಸರಳ. ಕಾಯಿಲ್ ಮೇಲೆ ಸಾಕಷ್ಟು ಬಿಸಿ ಗಾಳಿ ಹಾಯದಿದ್ದರೆ ಅದು ಅತಿಯಾಗಿ ತಣ್ಣಗಾಗುತ್ತದೆ. ಗಾಳಿಯಲ್ಲಿರುವ ತೇವ ಅದರ ಮೇಲೆ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ್ದು ಉಳಿದ ಗಾಳಿಯನ್ನೂ ತಡೆಯುತ್ತದೆ. ಗ್ಯಾಸ್ ಕಡಿಮೆಯಾದರೂ ಮಂಜು ಕಟ್ಟಬಹುದು. ಹಾಗಾಗಿ ಬರೀ ಮಂಜು ನೋಡಿ ಇದೇ ಕಾರಣ ಎಂದು ಹೇಳಲು ಬರುವುದಿಲ್ಲ.

ಮೊದಲು ಬಂದವರು ಅದನ್ನೇ ಹೇಳಿಬಿಟ್ಟರು.

ಅದೊಂದು ದೊಡ್ಡ ಕಂಪನಿ. ಅದೇ ದಿನ ಬರುತ್ತೇವೆ ಎಂದರು, ಬಂದರು. ಅಷ್ಟಕ್ಕೆ ನಾನು ಕೃತಜ್ಞಳಾಗಿದ್ದೆ. ಬಂದ ಹುಡುಗ ಅಟ್ಟಕ್ಕೆ ಹತ್ತಿದ, ಹತ್ತು ನಿಮಿಷದಲ್ಲಿ ಇಳಿದ. ಕೈಯಲ್ಲಿ ಟ್ಯಾಬ್ಲೆಟ್. ಯೂನಿಟ್‌ಗೆ 13 ವರ್ಷ ಆಗಿದೆ, ಗ್ಯಾಸ್ ಲೀಕ್ ಇರಬಹುದು, ಈ ಗ್ಯಾಸ್ ಈಗ ನಿಂತೇಹೋಗಿದೆ, ಹೊಸದು ಹಾಕಿಸುವುದೇ ಒಳ್ಳೆಯದು ಎಂದ. ಬೆಲೆ 13,800 ಡಾಲರ್. ಇವತ್ತೇ ಸಹಿ ಹಾಕಿದರೆ 1,500 ಕಡಿಮೆ. ಯಾವ ಉಪಕರಣವನ್ನೂ ಅವನು ಹೊರಗೆ ತೆಗೆದದ್ದನ್ನು ನಾನು ನೋಡಲಿಲ್ಲ. ಇಷ್ಟು ಹೇಳಲು 79 ಡಾಲರ್ ತೆಗೆದುಕೊಂಡು ಹೋದ.

ಅಮ್ಮ ಅಡುಗೆಮನೆಯಿಂದ ಕೇಳಿದರು. "ಎಷ್ಟಂತೆ?" ನಾನು ರೂಪಾಯಿಗೆ ಲೆಕ್ಕ ಹಾಕಿ ಹೇಳಲಿಲ್ಲ. ಡಾಲರ್‌ನಲ್ಲೇ ಹೇಳಿದೆ. ಅವರೇ ಮನಸ್ಸಿನಲ್ಲಿ ಹಾಕಿಕೊಂಡರು ಅಂತ ಕಾಣುತ್ತದೆ, ಒಗ್ಗರಣೆ ಸೌಟು ಹಿಡಿದ ಕೈ ಹಾಗೇ ನಿಂತಿತು. "ಡಾಕ್ಟ್ರು ಕೈ ಹಿಡಿದು ನಾಡಿನಾದ್ರೂ ನೋಡ್ತಾರಲ್ಲೇ" ಎಂದರು.

ಗ್ಯಾಸ್ ವಿಷಯದಲ್ಲಿ ಆ ಹುಡುಗ ಹೇಳಿದ್ದು ಅರ್ಧ ಸತ್ಯ. ನಮ್ಮ ಯೂನಿಟ್‌ನಲ್ಲಿರುವುದು ಆರ್-410ಎ. 2025ರ ಜನವರಿ 1ರಿಂದ ಅಮೆರಿಕದಲ್ಲಿ ಮನೆಗಳ ಹೊಸ ಸೆಂಟ್ರಲ್ ಎಸಿಗಳನ್ನು ಆ ಗ್ಯಾಸ್‌ಗೆ ತಯಾರಿಸುವಂತಿಲ್ಲ. ಭೂಮಿಯ ಬಿಸಿ ಹೆಚ್ಚಿಸುವ ಗುಣ ಕಡಿಮೆ ಇರುವ ಆರ್-32, ಆರ್-454ಬಿ ಅಂಥವು ಬಂದಿವೆ. ಅದು ನಿಜ. ಆದರೆ ಹಳೇ ಯೂನಿಟ್‌ಗಳ ರಿಪೇರಿಗೆ ಆರ್-410ಎ ಈಗಲೂ ಸಿಗುತ್ತದೆ. ಇನ್ನೊಂದು ಮಾತು: ಎಸಿಯ ಗ್ಯಾಸ್ ಸ್ಕೂಟರಿನ ಪೆಟ್ರೋಲ್ ಹಾಗೆ ಖರ್ಚಾಗುವುದಿಲ್ಲ. ಒಳಗೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಸೋರಿದ ಜಾಗ ತೋರಿಸದೆ ಗ್ಯಾಸ್ ತುಂಬುತ್ತೇನೆ ಎನ್ನುವವರನ್ನು ದಯವಿಟ್ಟು ತಡೆದು ಕೇಳಿ.

ಎರಡನೆಯವರ ನಂಬರ್ ಕೊಟ್ಟದ್ದು ಪಕ್ಕದ ಮನೆಯವರು. ಫೋನ್ ಮಾಡಿದೆ, ಎತ್ತಲಿಲ್ಲ. ಮೆಸೇಜ್ ಹಾಕಿದೆ. ಸಂಜೆ ಉತ್ತರ ಬಂತು: ನಾಳಿದ್ದು ಬೆಳಗ್ಗೆ 8ಕ್ಕೆ. ಬಂದದ್ದು ಹತ್ತೂ ಕಾಲಿಗೆ. ಆ ಎರಡು ದಿನ ನಾವೆಲ್ಲ ಕೆಳಗಿನ ಹಾಲ್‌ನಲ್ಲಿ ಚಾಪೆ ಹಾಸಿ ಮಲಗಿದೆವು.

ಅರವತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ. ಶೂಗೆ ಬಟ್ಟೆಯ ಕವಚ ಹಾಕಿಕೊಂಡು ಒಳಗೆ ಬಂದರು. ಅವರ ವ್ಯಾನ್ ಬದಿಯಲ್ಲಿ ಲೈಸೆನ್ಸ್ ನಂಬರ್ ಬರೆದಿತ್ತು. ಟೆಕ್ಸಾಸ್‌ನಲ್ಲಿ ಎಸಿ ಕಂಟ್ರಾಕ್ಟರ್‌ಗಳಿಗೆ ರಾಜ್ಯದ ಲೈಸೆನ್ಸ್ ಕಡ್ಡಾಯ. ಟಿಡಿಎಲ್‌ಆರ್ ಎಂಬ ಇಲಾಖೆಯ ವೆಬ್‌ಸೈಟ್‌ನಲ್ಲಿ ಹೆಸರೋ ನಂಬರೋ ಹಾಕಿ ಯಾರು ಬೇಕಾದರೂ ನೋಡಬಹುದು. ನಾನು ಇಬ್ಬರದ್ದೂ ನೋಡಿದೆ. ಇಬ್ಬರದ್ದೂ ಸರಿಯಾಗಿತ್ತು. ಲೈಸೆನ್ಸ್ ಇರಲೇಬೇಕು. ಅದಿದ್ದ ಮಾತ್ರಕ್ಕೆ ಕೆಲಸವೂ ಒಳ್ಳೆಯದಾಗಿರುತ್ತದೆ ಎಂದು ಹೇಳಲಾಗುವುದಿಲ್ಲ.

ಅವರು ಮೊದಲು ಅಟ್ಟಕ್ಕೆ ಹೋಗಲೇ ಇಲ್ಲ. ಮುಚ್ಚಿದ್ದ ವೆಂಟ್‌ಗಳನ್ನೆಲ್ಲ ತೆರೆದರು. ಆಮೇಲೆ ವ್ಯಾನ್‌ನಿಂದ ಬಟ್ಟೆಯ ಗೂಡಿನಂಥದ್ದನ್ನು ತಂದು ಒಂದೊಂದೇ ವೆಂಟ್‌ಗೆ ಒತ್ತಿ ಹಿಡಿದರು. ತಳದಲ್ಲಿ ಸಣ್ಣ ಪರದೆ, ಅದರಲ್ಲಿ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಬರುತ್ತಿದೆ ಎಂದು ತೋರಿಸುತ್ತದೆ. ನಮ್ಮ ರೂಮಿನಲ್ಲಿ ಒಂದು ವೆಂಟ್‌ಗೆ 92. ಮಗನ ರೂಮಿನಲ್ಲಿ 38. ಬರೆದುಕೊಂಡರು. ಅಮ್ಮ ಪಕ್ಕದಲ್ಲೇ ನಿಂತಿದ್ದರು. "ನನ್ನ ಸೆರಗು ಹೇಳಿದ್ದೇ ಅದೂ ಹೇಳ್ತು" ಎಂದರು. ನಾನು ಅದನ್ನು ಮೆಕ್ಯಾನಿಕ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಅಮ್ಮನ ಕಡೆ ತಿರುಗಿ ತಲೆ ಬಾಗಿಸಿದರು, ತುಂಬಾ ಮರ್ಯಾದೆಯಿಂದ.

ಆಮೇಲೆ ಅಟ್ಟ. ಅಲ್ಲಿಯ ಬಿಸಿ ಅವರ ಥರ್ಮಾಮೀಟರ್‌ನಲ್ಲಿ 128 ಡಿಗ್ರಿ, ಅಂದರೆ 53 ಸೆಲ್ಸಿಯಸ್. ನಾನು ಏಣಿಯ ಮೇಲಿನ ಮೆಟ್ಟಿಲಲ್ಲಿ ಕೂತು ನೋಡುತ್ತಿದ್ದೆ. ಕಾಯಿಲ್‌ನ ಮಂಜು ಅಷ್ಟು ಹೊತ್ತಿಗೆ ಪೂರ್ತಿ ಕರಗಿತ್ತು. ಅವರು ಯೂನಿಟ್‌ನ ಎರಡು ಕಡೆ ಪೆನ್ಸಿಲ್ ಗಾತ್ರದ ತೂತು ಕೊರೆದರು. ಒಂದು ಬ್ಲೋವರ್‌ಗೆ ಗಾಳಿ ಬರುವ ಕಡೆ, ಒಂದು ಗಾಳಿ ಹೊರಡುವ ಕಡೆ. ಎರಡಕ್ಕೂ ಸಣ್ಣ ರಬ್ಬರ್ ಕೊಳವೆ ಸಿಕ್ಕಿಸಿ ಒಂದು ಮೀಟರ್‌ಗೆ ಜೋಡಿಸಿದರು. ಅದು ಮ್ಯಾನೋಮೀಟರ್. ಬ್ಲೋವರ್ ಎಷ್ಟು ಒತ್ತಡದ ವಿರುದ್ಧ ದುಡಿಯುತ್ತಿದೆ ಎಂದು ಅದು ಹೇಳುತ್ತದೆ. ಅಳತೆ ನೀರಿನ ಇಂಚುಗಳಲ್ಲಿ, ಅಂದರೆ ಆ ಒತ್ತಡಕ್ಕೆ ಎಷ್ಟು ಇಂಚು ನೀರು ಮೇಲೇರಬಹುದು ಎಂಬ ಲೆಕ್ಕ.

"ಇದು ನಿಮ್ಮ ಎಸಿಯ ಬಿಪಿ" ಎಂದರು. ನಾನು ಕೆಳಗೆ ಕೂಗಿ ಅಮ್ಮನಿಗೆ ಹೇಳಿದೆ. ಅಮ್ಮನೂ ದಿನಾ ಬೆಳಗ್ಗೆ ಬಿಪಿ ನೋಡಿಕೊಂಡು ಪುಸ್ತಕದಲ್ಲಿ ಬರೆಯುವವರು. "ಎಷ್ಟಿದೆ?" ಅಂತ ತಕ್ಷಣ ಕೇಳಿದರು.

0.93 ಇತ್ತು. ಯೂನಿಟ್‌ನ ಬಾಗಿಲಿಗೆ ಅಂಟಿಸಿದ್ದ ಚೀಟಿಗೆ ಟಾರ್ಚ್ ಹಿಡಿದು ತೋರಿಸಿದರು. ಅದರಲ್ಲಿ ಗರಿಷ್ಠ 0.50 ಎಂದು ಅಚ್ಚಾಗಿತ್ತು. ಹದಿಮೂರು ವರ್ಷದಿಂದ ಆ ಚೀಟಿ ಅಲ್ಲೇ ಇದೆ. ಟನ್ನಿಗೆ ನಿಮಿಷಕ್ಕೆ 400 ಘನ ಅಡಿ ಗಾಳಿ ಎಂಬುದು ಇಲ್ಲಿನ ರೂಢಿಯ ಲೆಕ್ಕ. ನಮ್ಮ 3 ಟನ್ನಿಗೆ 1,200 ಬೇಕು. 0.93 ಒತ್ತಡದಲ್ಲಿ ನಮ್ಮ ಬ್ಲೋವರ್ ಕೊಡುತ್ತಿದ್ದದ್ದು ಸುಮಾರು 850 ಎಂದು ಯೂನಿಟ್ ತಯಾರಿಸಿದ ಕಂಪನಿಯ ಪಟ್ಟಿ ನೋಡಿ ಹೇಳಿದರು. ಬ್ಲೋವರ್‌ನ ಮೋಟಾರ್ ತಿರುಗಲು ನೆರವಾಗುವ ಕೆಪಾಸಿಟರ್ ಪರೀಕ್ಷಿಸಿ ಅದು ಚೆನ್ನಾಗಿದೆ, ಬದಲಾಯಿಸಬೇಕಿಲ್ಲ ಎಂದರು. ಕೇಳದೇ ಹೇಳಿದ ಆ ಮಾತು ನನಗೆ ಬಹಳ ಹಿಡಿಸಿತು. ಬದಲಾಯಿಸಿ ದುಡ್ಡು ತೆಗೆದುಕೊಂಡಿದ್ದರೆ ನಮಗೆ ಗೊತ್ತೂ ಆಗುತ್ತಿರಲಿಲ್ಲ.

ಇನ್ನು ತಡೆ ಎಲ್ಲಿದೆ ಎಂದು ಹುಡುಕಿದ್ದು. ಇದೇ ನನಗೆ ತುಂಬಾ ಇಷ್ಟವಾದ ಭಾಗ.

ಯೂನಿಟ್‌ನ ಹಿಂಬದಿಯಲ್ಲಿ, ರಿಟರ್ನ್ ಡಕ್ಟ್ ಬಂದು ಸೇರುವ ಜಾಗದಲ್ಲಿ, ಎರಡು ಇಂಚು ಅಗಲದ ತಗಡಿನ ಪಟ್ಟಿ ಇತ್ತು. ಎರಡು ಸ್ಕ್ರೂ. ನಾವು ಈ ಮನೆ ಕೊಂಡದ್ದು 2021ರಲ್ಲಿ. ನಾಲ್ಕು ವರ್ಷದಲ್ಲಿ ಎಷ್ಟೋ ಸಲ ಅಟ್ಟ ಹತ್ತಿದ್ದೇವೆ, ಆ ಪಟ್ಟಿಯನ್ನು ಯಾರೂ ಗಮನಿಸಿರಲಿಲ್ಲ. ಅವರು ಸ್ಕ್ರೂ ತೆಗೆದು ಇಕ್ಕಳದಿಂದ ಏನನ್ನೋ ಎಳೆದರು. ಬರಲಿಲ್ಲ. ಇನ್ನೊಮ್ಮೆ ಎಳೆದಾಗ ಮಡಚಿಕೊಂಡು ಬಂತು. ಇನ್ನೊಂದು ಫಿಲ್ಟರ್! ಇದ್ದಿಲಿನ ಬಣ್ಣ. ನಡುವೆ ಹೊಟ್ಟೆ ಒಳಕ್ಕೆ ಹೋಗಿ ಬಿಲ್ಲಿನ ಹಾಗೆ ಬಾಗಿತ್ತು. ರಟ್ಟಿನ ಅಂಚಿನ ಮೇಲೆ ಮಾರ್ಕರ್‌ನಲ್ಲಿ ಯಾರೋ ಬರೆದಿದ್ದರು: 11/19. 2019ರ ನವೆಂಬರ್. ನಮಗಿಂತ ಹಿಂದೆ ಇದ್ದವರ ಕೈಬರಹ. ಅದು ಇದೆ ಎಂದು ಅವರು ನಮಗೆ ಹೇಳಲು ಮರೆತಿರಬೇಕು, ನಮಗೆ ಕೇಳಬೇಕೆಂದು ಹೊಳೆದಿರಲಿಲ್ಲ.

ಹಜಾರದ ಜಾಲರಿಯಲ್ಲಿ ಒಂದು ಫಿಲ್ಟರ್, ಅಟ್ಟದಲ್ಲಿ ಇನ್ನೊಂದು. ಗಾಳಿ ಎರಡೆರಡು ಕಡೆ ನುಸುಳಿಕೊಂಡು ಬರಬೇಕಿತ್ತು. ಅದನ್ನು ತೆಗೆದು ಮತ್ತೆ ಅಳೆದರು: 0.68. ಒಂದೇ ಏಟಿಗೆ ಅಷ್ಟು ಇಳಿಯಿತು. "ಇಲ್ಲಿ ಇನ್ನು ಫಿಲ್ಟರ್ ಹಾಕಬೇಡಿ, ಒಂದೇ ಸಾಕು" ಎಂದರು.

ಆಮೇಲೆ ಹಜಾರದ ಫಿಲ್ಟರ್. ಮಗನಿಗೆ ಧೂಳಿನ ಅಲರ್ಜಿ ಇದೆ. ಅದಕ್ಕೆ ನಾನು ಮರ್ವ್ 13 ದರ್ಜೆಯದ್ದನ್ನೇ ತರುತ್ತಿದ್ದೆ. ಮರ್ವ್ ನಂಬರ್ ಹೆಚ್ಚಾದಷ್ಟೂ ಸಣ್ಣ ಧೂಳನ್ನೂ ಹಿಡಿಯುತ್ತದೆ. ಕೋವಿಡ್ ಸಮಯದಲ್ಲಿ ಎಲ್ಲರೂ ಮರ್ವ್ 13 ಎಂದು ಹೇಳುತ್ತಿದ್ದರು. ನಿಮ್ಮ ಯೂನಿಟ್ ತಡೆದುಕೊಳ್ಳುವಷ್ಟು ಎಂಬ ಮಾತೂ ಆ ಸಲಹೆಯ ಜೊತೆಗೇ ಇತ್ತು, ನಾನು ಅದನ್ನು ಓದದೆ ಬಿಟ್ಟಿದ್ದೆ. ಒಂದೇ ಇಂಚು ದಪ್ಪದ ಫಿಲ್ಟರ್‌ನಲ್ಲಿ ಅಷ್ಟು ಒತ್ತಾದ ಹೆಣಿಗೆ ಇದ್ದರೆ ಗಾಳಿಗೆ ಕಷ್ಟ. ಅದರ ಬದಲು ಮರ್ವ್ 8 ಹಾಕಿ ಅಳೆದರು: 0.62. ಒಳ್ಳೆಯ ಫಿಲ್ಟರ್ ಬೇಕೇ ಬೇಕು ಎಂದರೆ ನಾಲ್ಕು ಇಂಚು ದಪ್ಪದ್ದು ಕೂರುವ ಪೆಟ್ಟಿಗೆ ಮಾಡಿಸಬೇಕು. ಅದರಲ್ಲಿ ಮಡಿಕೆಗಳು ಆಳವಾಗಿರುತ್ತವೆ, ಹರಡಿದರೆ ಬಟ್ಟೆ ಜಾಸ್ತಿ. ಹಾಗಾಗಿ ಗಾಳಿಯೂ ಸಲೀಸು, ಧೂಳೂ ನಿಲ್ಲುತ್ತದೆ. ಸದ್ಯಕ್ಕೆ ಮಗನ ರೂಮಿಗೆ ಬೇರೆ ಏರ್ ಪ್ಯೂರಿಫೈಯರ್ ಇಡಿ ಎಂದರು. ಇಟ್ಟೆವು.

ಈ ಹೊತ್ತಿಗೆ ಅವರು ಇಳಿದು ಬಂದು ಗೋಡೆಗೆ ಒರಗಿ ನಿಂತರು. ಅಂಗಿ ನೀರಲ್ಲಿ ಅದ್ದಿ ತೆಗೆದ ಹಾಗಿತ್ತು. ಅಮ್ಮ ಸುಮ್ನೆ ಇರಲಿಲ್ಲ. ಶುಂಠಿ ಜಜ್ಜಿ, ಕರಿಬೇವು ಹಿಸುಕಿ, ಉಪ್ಪು ಹಾಕಿ ಒಂದು ಚೊಂಬು ಮಜ್ಜಿಗೆ ಮಾಡಿ ಇಟ್ಟಿದ್ದರು. "ಪಾಪ, ಆ ಕುಲುಮೆಯೊಳಗೆ ಎಷ್ಟು ಹೊತ್ತು ಕೂರ್ತಾರೆ, ಕೊಡೇ ಅವರಿಗೆ." ಅವರು ಮೊದಲು ಮೂಸಿ ನೋಡಿದರು. ಒಂದು ಲೋಟ ಕುಡಿದರು. ಆಮೇಲೆ ತಾವೇ ಲೋಟ ಮುಂದೆ ಹಿಡಿದರು.

ಮೂರನೆಯದು ಕಾಯಿಲ್. ಅದರ ಮುಂದಿನ ತಗಡು ಬಿಚ್ಚಿ ನನ್ನನ್ನು ಕರೆದು ತೋರಿಸಿದರು. ಗಾಳಿ ಒಳಹೋಗುವ ಮುಖದ ಮೇಲೆ ಕಂಬಳಿ ಹೊದಿಸಿದ ಹಾಗೆ ಬೂದುಬಣ್ಣದ ಧೂಳು. ಬಾಗಿದ ಆ ಹಳೇ ಫಿಲ್ಟರ್‌ನ ಎರಡು ಬದಿಯಲ್ಲಿ ಸಂದು ಬಿಟ್ಟಿತ್ತು. ರಿಟರ್ನ್ ಡಕ್ಟ್‌ನ ಒಂದು ಕೀಲೂ ಬಿಟ್ಟುಕೊಂಡಿತ್ತು, ಅಲ್ಲಿಂದ ಅಟ್ಟದ ಧೂಳನ್ನು ಎಳೆದುಕೊಳ್ಳುತ್ತಿತ್ತು. ಎರಡೂ ಸೇರಿ ವರ್ಷಗಟ್ಟಲೆ ಅಲ್ಲಿ ಬಂದು ಕೂತಿದೆ. ಮೆತ್ತನೆ ಬ್ರಷ್‌ನಲ್ಲಿ ಮೇಲಿಂದ ಕೆಳಕ್ಕೆ, ತೆಳ್ಳಗಿನ ರೆಕ್ಕೆಗಳು ಬಾಗದ ಹಾಗೆ, ಒಂದೂ ಕಾಲು ಗಂಟೆ ಉಜ್ಜಿದರು. ಆಮೇಲೆ ನೊರೆ ಬರುವ ಕ್ಲೀನರ್ ಹೊಡೆದರು. ಕೀಲಿಗೆ ಮಾಸ್ಟಿಕ್ ಎಂಬ ಅಂಟು ಬಳಿದು ಮುಚ್ಚಿದರು. ಬಟ್ಟೆಯ ಟೇಪ್ ಅಟ್ಟದ ಬಿಸಿಗೆ ಒಣಗಿ ಬಿದ್ದುಹೋಗುತ್ತದೆ, ಅದನ್ನು ಡಕ್ಟ್‌ಗೆ ಹಾಕಲೇಬೇಡಿ ಎಂದರು. ಸಾಮಾನ್ಯವಾಗಿ ಇಲ್ಲಿನ ಮನೆಗಳ ಡಕ್ಟ್‌ಗಳಲ್ಲಿ 20ರಿಂದ 30 ಶೇಕಡಾ ಗಾಳಿ ಹೀಗೆ ಸಂದಿಗೊಂದಿಯಲ್ಲಿ ಹೋಗಿಬಿಡುತ್ತದೆ ಎಂದು ಸರ್ಕಾರದ ಎನರ್ಜಿ ಸ್ಟಾರ್ ಯೋಜನೆಯವರೇ ಹೇಳುತ್ತಾರೆ. ದುಡ್ಡು ಕೊಟ್ಟು ತಣ್ಣಗೆ ಮಾಡಿದ ಗಾಳಿ ಅಟ್ಟಕ್ಕೆ!

ಅಳತೆ: 0.51.

ಆದರೂ ಮಗನ ರೂಮಿನಲ್ಲಿ 55 ಮಾತ್ರ ಬರುತ್ತಿತ್ತು. ಉಳಿದ ರೂಮುಗಳೆಲ್ಲ ಚೇತರಿಸಿಕೊಂಡಿದ್ದವು. ಅವರು ಆ ರೂಮಿನ ಡಕ್ಟ್ ಹಿಡಿದುಕೊಂಡು ಅಟ್ಟದಲ್ಲಿ ಮಂಡಿಯೂರಿ ಹೋದರು. ಮೂಲೆಯಲ್ಲಿ ನಿಂತು ನನ್ನನ್ನು ಕರೆದರು. ಅಲ್ಲಿ ನಮ್ಮ ದಸರಾ ಬೊಂಬೆಗಳ ಪೆಟ್ಟಿಗೆ ಇತ್ತು. ಮರದ ಪಟ್ಟದ ಬೊಂಬೆ, ಮಣ್ಣಿನ ಬೊಂಬೆ, ಮೆಟ್ಟಿಲಿನ ಹಲಗೆ ಎಲ್ಲ ಸೇರಿ ಸಾಕಷ್ಟು ಭಾರ. ಹಿಂದಿನ ವರ್ಷ ಹಬ್ಬ ಮುಗಿದ ಮೇಲೆ ನಮ್ಮನೆಯವರೂ ನಾನೂ ಸೇರಿ ಹತ್ತಿಸಿ ಇಟ್ಟದ್ದು. ಅದು ಪೂರ್ತಿ ಡಕ್ಟ್ ಮೇಲೆ ಕೂತಿತ್ತು. ಎಂಟು ಇಂಚಿನ ಕೊಳವೆ ಅದರ ಕೆಳಗೆ ಮೂರು ಇಂಚಿಗೆ ಅಪ್ಪಚ್ಚಿಯಾಗಿತ್ತು. ಬಿಳಿ ಗುಲಾಬಿ ಇನ್ಸುಲೇಷನ್ ನಡುವೆ ಅದು ಡಕ್ಟ್ ಎಂದೇ ನಮಗೆ ಆವತ್ತು ಕಂಡಿರಲಿಲ್ಲ.

ಪೆಟ್ಟಿಗೆ ಸರಿಸಿದರೂ ಕೊಳವೆ ಎದ್ದು ನಿಲ್ಲಲಿಲ್ಲ, ಒಳಗಿನ ತಂತಿ ಬಾಗಿತ್ತು. ಆ ಭಾಗ ಕತ್ತರಿಸಿ ಹೊಸ ತುಂಡು ಸೇರಿಸಿದರು. ಫ್ಲೆಕ್ಸ್ ಡಕ್ಟ್ ಬಿಗಿಯಾಗಿ ಎಳೆದಿರಬೇಕಂತೆ. ಜೋಲು ಬಿದ್ದರೆ, ಮೊಣಕೈಯಂತೆ ಮಡಚಿದರೆ ಗಾಳಿ ಅಲ್ಲೇ ಸುಸ್ತಾಗುತ್ತದೆ. ಒಂದು ಅಡಿಗೆ ಅರ್ಧ ಇಂಚಿಗಿಂತ ಜಾಸ್ತಿ ಜೋಲು ಬೀಳಬಾರದು ಎಂಬ ನಿಯಮವೇ ಇದೆ. ನಮ್ಮದಕ್ಕೆ ನಾಲ್ಕು ಕಡೆ ಅಗಲ ಪಟ್ಟಿ ಕಟ್ಟಿ ಎತ್ತಿ ನಿಲ್ಲಿಸಿದರು.

ಮಧ್ಯಾಹ್ನ ಎರಡೂವರೆ. ಬಟ್ಟೆಯ ಗೂಡು ಮತ್ತೆ ಮಗನ ರೂಮಿನ ವೆಂಟ್‌ಗೆ. 96. ಒಟ್ಟು ಒತ್ತಡ 0.48. ಆಮೇಲೇ ಅವರು ಗ್ಯಾಸ್ ಮೀಟರ್ ತೆಗೆದದ್ದು. ಗಾಳಿ ಸರಿಯಾಗದೆ ಗ್ಯಾಸ್ ಅಳೆದರೆ ಸುಳ್ಳು ಲೆಕ್ಕ ಬರುತ್ತದೆ ಎಂದು ಅವರು ಹೇಳಿದ್ದನ್ನು ನಾನು ಬರೆದಿಟ್ಟುಕೊಂಡಿದ್ದೇನೆ. ಗ್ಯಾಸ್ ಸರಿಯಾಗಿತ್ತು. ಒಂದು ಔನ್ಸ್ ಕೂಡ ತುಂಬಲಿಲ್ಲ.

ಬಿಲ್ ಹೀಗಿತ್ತು: ಬಂದು ಪರೀಕ್ಷಿಸಿದ್ದಕ್ಕೆ 120, ಕಾಯಿಲ್ ಕೆಲಸಕ್ಕೆ 385, ಡಕ್ಟ್ ಮತ್ತು ಕೀಲಿಗೆ 180. ಒಟ್ಟು 685 ಡಾಲರ್. ಕಡಿಮೆ ಹಣವಲ್ಲ. ಆದರೆ 13,800ರ ಪಕ್ಕದಲ್ಲಿ ಇಟ್ಟು ನೋಡಿ.

ಇಷ್ಟವಾಗದ್ದೂ ಇದೆ, ಹೇಳುತ್ತೇನೆ. ಫೋನ್ ಎತ್ತುವುದಿಲ್ಲ. ಹೇಳಿದ ಸಮಯಕ್ಕೆ ಬರಲಿಲ್ಲ, ತಡವಾಗುತ್ತದೆ ಎಂದು ಒಂದು ಮೆಸೇಜೂ ಇಲ್ಲ. ಮನೆಯಲ್ಲಿ ಹಸುಗೂಸು ಇದ್ದಿದ್ದರೆ ಆ ಎರಡು ದಿನ ಕಾಯಲು ಆಗುತ್ತಿರಲಿಲ್ಲ. ಕಾರ್ಡ್ ತೆಗೆದುಕೊಳ್ಳುವುದಿಲ್ಲ, ಚೆಕ್ ಅಥವಾ ನಗದು ಮಾತ್ರ. ಅಳತೆಗಳನ್ನೆಲ್ಲ ಒಂದು ಕಾಗದದಲ್ಲಿ ಕೊಡಿ ಎಂದು ಕೇಳಿದೆ, ಅಂಥದ್ದೇನೂ ಅವರಲ್ಲಿಲ್ಲ. ಅದರ ಬದಲು ಯೂನಿಟ್‌ನ ತಗಡಿನ ಮೇಲೆ ಕಪ್ಪು ಮಾರ್ಕರ್‌ನಲ್ಲಿ ತಾರೀಕು ಹಾಕಿ, 0.93, ಬಾಣದ ಗುರುತು, 0.48 ಎಂದು ಬರೆದರು. ಮುಂದೆ ಯಾರೇ ಬಂದರೂ ಇದನ್ನು ನೋಡಲಿ ಎಂದರು. ಯೋಚಿಸಿದರೆ ಕಾಗದಕ್ಕಿಂತ ಇದೇ ವಾಸಿ. ಕಾಗದ ಎಲ್ಲೋ ಕಳೆದುಹೋಗುತ್ತಿತ್ತು.

ಫಲ ಏನು ಅಂತ ಕೇಳಿದರೆ, ಕರೆಂಟ್ ಬಿಲ್ ಹೋಲಿಸುವುದು ಸರಿಯಲ್ಲ. ಒಂದೊಂದು ತಿಂಗಳ ಬಿಸಿಲು ಒಂದೊಂದು ಥರ. ಆದರೆ ನಮ್ಮ ಥರ್ಮೋಸ್ಟಾಟ್ ದಿನಕ್ಕೆ ಎಷ್ಟು ಗಂಟೆ ಯೂನಿಟ್ ಓಡಿತು ಎಂದು ಬರೆದಿಡುತ್ತದೆ. ರಿಪೇರಿಗೆ ಮುಂಚೆ 101 ಡಿಗ್ರಿ ಇದ್ದ ಒಂದು ದಿನ 17 ಗಂಟೆ ಓಡಿತ್ತು. ರಿಪೇರಿಯಾದ ಮೇಲೆ ಅಷ್ಟೇ ಬಿಸಿಲಿದ್ದ ದಿನ 11 ಗಂಟೆ. ರಾತ್ರಿ ಮಗ ಹೊದಿಕೆ ಕೇಳಿದ.

ಬೆಂಗಳೂರಿನಲ್ಲಿರುವ ಅಣ್ಣನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಅವನ ಮನೆಯಲ್ಲಿರುವುದು ಸ್ಪ್ಲಿಟ್ ಎಸಿ. ಆವತ್ತೇ ಅದರ ಮುಂದಿನ ಮುಚ್ಚಳ ಎತ್ತಿ ಜಾಲರಿ ಎಳೆದು ಫೋಟೋ ಕಳಿಸಿದ. ಹಿಂದಿನ ಯುಗಾದಿಯಿಂದ ತೊಳೆದಿರಲಿಲ್ಲವಂತೆ. ಅಲ್ಲಿ ಡಕ್ಟ್ ಇಲ್ಲ, ನಲ್ಲಿ ಕೆಳಗೆ ಹಿಡಿದು ತೊಳೆದು ನೆರಳಲ್ಲಿ ಒಣಗಿಸಿ ಹಾಕಿದರೆ ಅರ್ಧ ಸಮಸ್ಯೆ ಮುಗಿಯಿತು.

ಸೆಪ್ಟೆಂಬರ್ ಕೊನೆಗೆ ನವರಾತ್ರಿ ಬಂತು. ಬೊಂಬೆ ಪೆಟ್ಟಿಗೆ ಕೆಳಗಿಳಿಯಿತು. ಹಬ್ಬ ಮುಗಿದ ಮೇಲೆ ಅದು ಅಟ್ಟಕ್ಕೆ ಹೋಗಲಿಲ್ಲ, ಮೆಟ್ಟಿಲ ಕೆಳಗಿನ ಕಪಾಟಿಗೆ ಹೋಯಿತು. ಆಯುಧ ಪೂಜೆ ದಿನ ಅಮ್ಮ ಕಾರುಗಳಿಗೆ, ಮಿಕ್ಸಿಗೆ, ಹೊಲಿಗೆ ಯಂತ್ರಕ್ಕೆ ಕುಂಕುಮ ಇಟ್ಟರು. "ಅಟ್ಟದಲ್ಲಿರೋದಕ್ಕೂ ಇಡು, ನಾನು ಹತ್ತೋಕಾಗಲ್ಲ" ಎಂದು ಬಟ್ಟಲು ನನ್ನ ಕೈಗೆ ಕೊಟ್ಟರು. ಹತ್ತಿ, ಮಾರ್ಕರ್‌ನಲ್ಲಿ ಬರೆದ ನಂಬರಿನ ಪಕ್ಕದಲ್ಲಿ ಇಟ್ಟು ಬಂದೆ.

ಅಕ್ಟೋಬರ್ ಮೂರನೇ ವಾರ, ಅಟ್ಟ ತಣ್ಣಗಾದ ಮೇಲೆ, ಆ ಮೆಕ್ಯಾನಿಕ್ ಇನ್ನೊಮ್ಮೆ ಬಂದರು. ನಮ್ಮ ರೂಮಿಗೆ ಇನ್ನೊಂದು ರಿಟರ್ನ್ ಹಾಕಿದರೆ ಬ್ಲೋವರ್‌ಗೆ ಇನ್ನೂ ಹಗುರಾಗುತ್ತದೆ, ಆದರೆ ಬೇಸಿಗೆಯಲ್ಲಿ ಅವಸರ ಬೇಡ ಎಂದು ಜುಲೈನಲ್ಲೇ ಹೇಳಿದ್ದರು. ಈ ಸಲ ಹೇಳಿದ ಸಮಯಕ್ಕೆ ಸರಿಯಾಗಿ ಎಂಟಕ್ಕೇ ಬಂದರು. ಕೆಲಸ ಮುಗಿಸಿ ಇಳಿದು, "ಅಮ್ಮ ಎಲ್ಲಿ?" ಎಂದು ಕೇಳಿದರು. ಊರಿಗೆ ಹೋದರು ಎಂದೆ. ಮಜ್ಜಿಗೆ ನಾನೇ ಮಾಡಿ ಕೊಟ್ಟೆ. ಸಂಜೆ ಅಟ್ಟ ಹತ್ತಿ ನೋಡಿದಾಗ ಕುಂಕುಮದ ಬೊಟ್ಟು ಹಾಗೇ ಇತ್ತು. ಅದನ್ನು ಒರೆಸದೆ, ಹಳೇ ಸಾಲಿನ ಕೆಳಗೆ ಜಾಗ ಬಿಟ್ಟು, ಹೊಸ ತಾರೀಕು ಹಾಕಿ 0.41 ಎಂದು ಬರೆದಿದ್ದರು. ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ.